ಒಕುಮುರರ ಕಪಾಟಿಗೆ ಒಂದು ಸೌಟು

ನಮ್ಮ ಊರಿನಲ್ಲಿ ಹೆಸರು ಮಾಡಿದವರಿಗೆಲ್ಲ ಒಂದೇ ಅಡ್ಡಹೆಸರು, ಒಕುಮುರ. ಅದನ್ನು ಯಾರೂ ಕೊಡುವುದಿಲ್ಲ; ಅರ್ಜಿ ಹಾಕಿದರೆ ಸಿಗುವುದೂ ಇಲ್ಲ. ಒಂದು ಬೆಳಿಗ್ಗೆ ಊರಿನ ಎಲ್ಲರ ನಾಲಿಗೆಯ ಮೇಲೆ ತಾನಾಗಿ ಬಂದು ಕುಳಿತಿರುತ್ತದೆ. ನಿನ್ನೆಯವರೆಗೆ ಬರೀ ಶಾಂತವ್ವ ಆಗಿದ್ದ ರೊಟ್ಟಿ ಬಡಿಯುವ ಹೆಂಗಸನ್ನು ಇವತ್ತು ಕರೆಯಲು ಬಾಯಿ ತೆರೆದರೆ ‘ಶಾಂತವ್ವ ಒಕುಮುರ’ ಎಂದೇ ಹೊರಡುತ್ತದೆ. ಒಕುಮುರವನ್ನು ಬಿಟ್ಟು ಬರೀ ಶಾಂತವ್ವ ಎಂದಷ್ಟೇ ಹೇಳುತ್ತೇನೆಂದರೆ ಬಾಯಿಂದ ಗಾಳಿ ಮಾತ್ರ ಬರುತ್ತದೆ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಾದ್ದರಿಂದ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು, ನಾಲಿಗೆಯ ಮೇಲೆ ಮಂಜುಗಡ್ಡೆ ಇಟ್ಟುಕೊಂಡು ಪ್ರಯತ್ನಿಸಿದ್ದೇನೆ. ಮಂಜುಗಡ್ಡೆ ಕರಗಿತು, ಫಲಿತಾಂಶ ಬದಲಾಗಲಿಲ್ಲ. ಬರೆಯುವ ಕೈಗೆ ಮಾತ್ರ ಈ ಕಟ್ಟಿಲ್ಲ. ಒಕುಮುರ ಎಂಬುದು ಜಪಾನಿನ ಒಂದು ಮನೆತನದ ಹೆಸರು ಎಂಬುದು ನನಗೆ ಕಾಲೇಜಿಗೆ ಹೋದ ಮೇಲೆ ತಿಳಿಯಿತು. ರಜೆಯಲ್ಲಿ ಊರಿಗೆ ಬಂದು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. “ಅಲ್ಲೂ ದೊಡ್ಡ ಮಂದಿ ಇರ್ತಾರ ಬಿಡು,” ಎಂದರು ನಮ್ಮಪ್ಪ.

ಟೌನ್ ಹಾಲಿನಲ್ಲಿ ಒಂದು ಗಾಜಿನ ಕಪಾಟಿದೆ. ಒಕುಮುರ ಆದವರು ಯಾವ ಕೆಲಸದಿಂದ ಹೆಸರು ಪಡೆದರೋ ಆ ಕೆಲಸದ ಸಾಧನ ಕಪಾಟಿಗೆ ಹೋಗಬೇಕು, ಕೆಲಸದ ಹೆಸರನ್ನು ಹೊರಗೆ ಕಲ್ಲಿನಲ್ಲಿ ಕೆತ್ತಬೇಕು, ಮತ್ತು ಅವರು ಆ ಕೆಲಸವನ್ನು ಇನ್ನೆಂದೂ ಮಾಡಬಾರದು. ಅಷ್ಟು ದೊಡ್ಡವರ ಕೈಯಲ್ಲಿ ಕೆಲಸ ಮಾಡಿಸುವುದು ಊರಿಗೆ ಶೋಭೆಯಲ್ಲ ಎಂಬುದು ಸನ್ಮಾನ ಸಮಿತಿಯ ನಿಲುವು. ಶಾಂತವ್ವ ಒಕುಮುರ ಅವರ ಹಂಚು ಕಪಾಟಿನಲ್ಲಿದೆ. ಅವರು ರಿಬ್ಬನ್ ಕತ್ತರಿಸುತ್ತಾ ತಿರುಗುತ್ತಾರೆ, ನಾವು ಚರ್ಮದಂಥ ರೊಟ್ಟಿ ಜಗಿಯುತ್ತೇವೆ. ಎಂಥ ಗಡಿಯಾರವನ್ನಾದರೂ ನಡೆಸಬಲ್ಲವರಾಗಿದ್ದ ವೆಂಕೋಬರಾವ್ ಒಕುಮುರ ಅವರ ಭೂತಗನ್ನಡಿಯೂ ಅಲ್ಲೇ ಇದೆ. ಟೌನ್ ಹಾಲಿನ ಗಡಿಯಾರ ಅವರಿಗೆ ಶಾಲು ಹೊದಿಸಿದ ಹೊತ್ತನ್ನೇ ಇವತ್ತಿಗೂ ತೋರಿಸುತ್ತಿದೆ. ಅವರೀಗ ಸನ್ಮಾನ ಸಮಿತಿಯ ಕಾರ್ಯದರ್ಶಿ. ಒಟ್ಟಿನಲ್ಲಿ ನಮ್ಮ ಊರು ಪ್ರತಿಭಾವಂತರಿಂದ ತುಂಬಿ ತುಳುಕುತ್ತಿದೆ. ಕೆಲಸಕ್ಕೆ ಮಾತ್ರ ಪಕ್ಕದ ಊರಿನಿಂದ ಜನ ಕರೆಸಬೇಕಾಗುತ್ತದೆ.

ನಾನು ಇಲ್ಲಿನ ನೀರು ಸರಬರಾಜು ಕೇಂದ್ರದಲ್ಲಿ ಕೆಮಿಸ್ಟ್. ನಾನು ಕೆಲಸಕ್ಕೆ ಸೇರಿದ ವರ್ಷ ಹೊಸ ಪಂಪು ಕೂಡಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಬಾಗಿ ನಮಸ್ಕರಿಸಿ ತನ್ನ ಹೆಸರು ಒಕುಮುರ ಎಂದ. ಊರು ಅವನನ್ನು ಮೆರವಣಿಗೆಯಲ್ಲಿ ಟೌನ್ ಹಾಲಿಗೆ ಒಯ್ದಿತು. ಏನು ಸಾಧಿಸಿದ್ದೀರಿ ಎಂದು ಕೇಳಿದರೆ, ಏನೂ ಇಲ್ಲ, ಇದು ನಮ್ಮಪ್ಪನಿಂದ ಬಂದದ್ದು ಎಂದ. ಹುಟ್ಟುತ್ತಲೇ ಒಕುಮುರ ಆಗುವುದು ಒಂಥರಾ ಮೋಸ ಎಂದು ಕೆಲವರು ಗೊಣಗಿದರು. ಆದರೂ ಪದ್ಧತಿ ಪದ್ಧತಿಯೇ. ಅವನ ಸ್ಪ್ಯಾನರ್ ತೆಗೆದುಕೊಂಡು ಕಪಾಟಿನಲ್ಲಿಟ್ಟರು, ಪಂಪು ಅರ್ಧಕ್ಕೆ ನಿಂತಿತು, ಅವನು ಶಾಲು ಹೊದ್ದುಕೊಂಡೇ ರೈಲು ಹತ್ತಿದ. ಆ ಪಂಪನ್ನು ನಂಬಿ ಕಟ್ಟಿದ ಮೂರನೇ ನಂಬರಿನ ತೊಟ್ಟಿ ಊರಿಗೆ ನೀರು ಕೊಡದೆ, ಎತ್ತರದ ಗೋಡೆಗಳ ನಡುವೆ ಸುಮ್ಮನೆ ತುಂಬಿ ನಿಂತಿದೆ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ನಾನು ಮುಖ ತೊಳೆದು ಬಂದು ಅಡಿಗೆಮನೆಯ ಕಡೆಗೆ ಕೂಗಿದೆ. “ಇಂದು ಒಕುಮುರ, ಚಹಾ ಆತೇನು?”

ಒಳಗಿನ ಪಾತ್ರೆಗಳ ಸದ್ದು ನಿಂತಿತು. ನನ್ನ ಹೆಂಡತಿ ಇಂದುಮತಿ ಕೈಯಲ್ಲಿ ಸೋಸುವ ಜಾಳಿಗೆ ಹಿಡಿದುಕೊಂಡೇ ಹೊರಗೆ ಬಂದಳು.

“ಏನಂದ್ರಿ?”

“ಚಹಾ ಆತೇನು ಅಂದೆ.”

“ಅದಕ್ಕೂ ಮೊದಲ?”

ನಾನು ಇನ್ನೊಮ್ಮೆ ಪ್ರಯತ್ನಿಸಿದೆ. ಇಂದು ಎಂದು ನಿಲ್ಲಿಸಲು ಹೋದೆ, ಗಾಳಿ ಬಂತು. ಪೂರ್ತಿ ಹೇಳಿದೆ, ಸಲೀಸಾಗಿ ಬಂತು. ಗೆದ್ದವರ ಮುಖದಲ್ಲಿ ಕಾಣುವ ಕಳೆಯನ್ನು ನಾನು ಅವಳ ಮುಖದಲ್ಲಿ ಹುಡುಕುತ್ತಿದ್ದೆ. ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. “ಅಯ್ಯ ದೇವರೆ, ಈಗ ಬ್ಯಾಡಾಗಿತ್ತು,” ಎಂದಳು. ಅಷ್ಟರಲ್ಲಿ ಹಾಲಿನವಳು ಬಾಗಿಲಲ್ಲಿ ನಿಂತು “ಇಂದುಮತಿಬಾಯಿ ಒಕುಮುರ, ಪಾತ್ರಿ ತರ್ರಿ” ಎಂದು ಕೂಗಿ, ತಾನು ಕೂಗಿದ್ದನ್ನು ಕೇಳಿ ತಾನೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹಾಲಿನವಳಿಗೆ ಖುಷಿಯಾಗಿತ್ತು. ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ರೀತಿಯಲ್ಲಿ ಖುಷಿಗಿಂತ ಬೇರೆ ಏನೋ ಇತ್ತು. ನಾನು ಸೂಕ್ಷ್ಮವಾಗಿ ಗಮನಿಸುವವನಾದ್ದರಿಂದ ಅದನ್ನು ಗಮನಿಸಿದೆ, ಮತ್ತು ಎಂದಿನಂತೆ ಅದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ.

ಚಹಾ ಮುಗಿಯುವುದರೊಳಗೆ ಸನ್ಮಾನ ಸಮಿತಿ ಬಂತು. ಮುಂದೆ ಅಧ್ಯಕ್ಷರಾದ ಬಾಳನಗೌಡರು, ಹಿಂದೆ ಕೊಡೆ ಹಿಡಿದ ವೆಂಕೋಬರಾವ್ ಒಕುಮುರ. ಗೌಡರು ಪುರಸಭೆಗೂ ಅಧ್ಯಕ್ಷರೇ. ಗಟ್ಟಿ ದನಿಯ, ಮೆತ್ತನೆ ಮನಸ್ಸಿನ, ಯಾವ ವಿಷಯದಲ್ಲೂ ಸಂಶಯವಿಲ್ಲದ ಮನುಷ್ಯ.

“ಬಾಯಾರ, ಊರಿಗೆ ಊರ ಸಂತೋಷ ಪಟ್ಟೈತಿ,” ಎಂದರು. “ಈಗ ಹೇಳ್ರಿ, ಏನ್ ಮಾಡೀರಿ?”

“ಏನೂ ಮಾಡಿಲ್ರಿ ಗೌಡ್ರ.”

“ಎಲ್ಲಾರೂ ಹಂಗ ಅಂತಾರ. ವಿನಯ.”

“ವಿನಯಕ್ಕ ಸಾಧನ ಏನ್ರಿ?” ವೆಂಕೋಬರಾವ್ ಒಕುಮುರ ಚಿಂತೆಯಿಂದ ಕೇಳಿದರು. “ಕಪಾಟಿನ್ಯಾಗ ಏನ್ ಇಡೂದು?”

ಗೌಡರು ನನ್ನ ಕಡೆ ತಿರುಗಿದರು. “ನೀವರ ಹೇಳ್ರಿ ಕೆಮಿಸ್ಟ್ರ. ಗಂಡ ಅದೀರಿ.”

ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವನು ಹೆಂಡತಿಯ ಒಂದು ಸಾಧನೆ ಹೇಳಲಾರದೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಅಲ್ಲೂ ಏನೂ ಬರೆದಿರಲಿಲ್ಲ. ಗೌಡರು ನಿಟ್ಟುಸಿರು ಬಿಟ್ಟರು. “ಭಾನುವಾರ ಕಲ್ಲು ನಿಲ್ಲಸಬೇಕು. ಅಷ್ಟರಾಗ ನೀವು ಹೇಳಿದ್ರ ಛಲೋ. ಇಲ್ಲಂದ್ರ ನಾವಽ ಶೋಧ ಮಾಡ್ತೀವಿ. ಇವತ್ತಿನಿಂದ ವೆಂಕೋಬರಾವ್ ಒಕುಮುರ ಬಾಯಾರ ಹಿಂದ ಇರ್ತಾರ. ಮಾಡೂ ಹೊತ್ತಿಗೆ ಕಂಡ ಹಿಡೀತಾರ.” ಕಳ್ಳರಿಗೆ ನಮ್ಮ ಊರಿನಲ್ಲಿ ಇಷ್ಟು ಕಾವಲು ಇಲ್ಲ.

ಅವರು ಹೋದ ಮೇಲೆ ನಾನು ವಿಜ್ಞಾನದ ದಾರಿ ಹಿಡಿದೆ. ಅಲ್ಲದ್ದನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದರೆ ಉಳಿದದ್ದೇ ಉತ್ತರ. ಹಾಡುವುದಿಲ್ಲ. ರಂಗೋಲಿ ಇಡುತ್ತಾಳೆ, ಚುಕ್ಕೆಗಳೇ ಸೇರುವುದಿಲ್ಲ. ಹೊಲಿಗೆ ಬಾರದು. ಅಡಿಗೆಯನ್ನು ಮೊದಲಿಗೇ ತೆಗೆದುಹಾಕಿದ್ದೆ. ಕೊನೆಯಲ್ಲಿ ಉಳಿದದ್ದು ಶೂನ್ಯ. ಪದ್ಧತಿಯಲ್ಲಿ ದೋಷವಿಲ್ಲದ್ದರಿಂದ ದೋಷ ನಾಲಿಗೆಯದೇ ಇರಬೇಕೆಂದು ನಿರ್ಧರಿಸಿ, ಸಮಾಧಾನದಿಂದ ಕೆಲಸಕ್ಕೆ ಹೋದೆ.

ಮರುದಿನ ಮಂಗಳವಾರ. ಪ್ರತಿ ಮಂಗಳವಾರ ನಾನು ನೀರಿನ ಮಾದರಿ ತೆಗೆದುಕೊಂಡು ಜಿಲ್ಲಾ ಕಚೇರಿಗೆ ಹೋಗುತ್ತೇನೆ, ಸಂಜೆ ಬರುತ್ತೇನೆ. ಬಂದಾಗ ಎದುರಿನ ಕಟ್ಟೆಯ ಮೇಲೆ ವೆಂಕೋಬರಾವ್ ಒಕುಮುರ ಕೊಡೆ ಬಿಚ್ಚಿಕೊಂಡು ಕುಳಿತಿದ್ದರು. ಒಳಗೆ ಇಂದುಮತಿ ಕತ್ತಲಲ್ಲೇ ಕುಳಿತಿದ್ದಳು.

“ಇವತ್ತ ಹೋಗಲಿಕ್ಕಾಗಲಿಲ್ಲ,” ಎಂದಳು. “ಅವರೆಲ್ಲ ಬಂದು ಕಾದು ಹೋಗಿರ್ತಾರ.”

“ಎಲ್ಲಿಗೆ? ಯಾರು?”

ಅವಳು ತಾನೇ ಒಂದು ಪ್ರಶ್ನೆ ಕೇಳಿದಳು. “ನಿಮ್ಮ ಮೂರನೇ ತೊಟ್ಟಿ ನೀರಿನ ಮ್ಯಾಲೆ ಎಣ್ಣಿಯಂಥಾದ್ದು ತೇಲ್ತದ ಅಂತಿದ್ರೆಲಾ?”

ತೇಲುತ್ತಿತ್ತು. ಪ್ರತಿ ಬುಧವಾರ ಬೆಳಿಗ್ಗೆ, ತೆಳ್ಳಗೆ, ಕಾಮನಬಿಲ್ಲಿನ ಬಣ್ಣದಲ್ಲಿ. ನಿಂತ ನೀರಿನ ಒಂದು ಜಾತಿಯ ಪಾಚಿ ವಾರಕ್ಕೊಮ್ಮೆ ಸ್ನಿಗ್ಧ ದ್ರವ್ಯವನ್ನು ಸ್ರವಿಸುತ್ತದೆ ಎಂದು ನಾನು ವಿಚಾರ ಸಂಕಿರಣವೊಂದರಲ್ಲಿ ಪ್ರಬಂಧವನ್ನೇ ಓದಿದ್ದೆ. ಚಪ್ಪಾಳೆ ತಟ್ಟಿದ್ದರು.

“ಹೌದು, ಅದು ಪಾಚಿ.”

“ಪಾಚಿ ಅಲ್ರಿ. ಕೊಬ್ಬರಿ ಎಣ್ಣಿ. ನಮ್ಮ ತಲೀದು.”

ಹೇಳುತ್ತಾ ಹೋದಳು. ಕೆಲವು ವರ್ಷಗಳ ಹಿಂದೆ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಚನ್ನಕ್ಕ ಎಂಬ ಹುಡುಗಿ ಜಾರಿ ನೀರಿಗೆ ಬಿದ್ದು ಹೋಗಿಬಿಟ್ಟದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಅವಳು ಬಾಳನಗೌಡರ ನಾದಿನಿ, ಗೌಡರ ಹೆಂಡತಿ ನೀಲಗಂಗವ್ವನ ತಂಗಿ. “ಅವತ್ತ ನಾನೂ ಅಲ್ಲೇ ಇದ್ದೆ,” ಎಂದಳು ಇಂದುಮತಿ. “ಮೆಟ್ಟಲ ತುಂಬ ಹೆಂಗಸರು ನಿಂತಿದ್ವಿ. ಒಬ್ಬಾಕಿಗೂ ಈಜು ಬರ್ತಿದ್ದಿಲ್ಲ. ನನಗ ಬರ್ತಿತ್ತು, ತವರಮನಿ ಬಾವ್ಯಾಗ ಕಲ್ತದ್ದು. ಖರೆ ನಾ ಎಲ್ಲಾರಕಿಂತ ಮ್ಯಾಲಿದ್ದೆ. ಇಳದು ಮುಟ್ಟೂದ್ರಾಗ ಆಗಿಹೋತು. ನೀಲಗಂಗವ್ವ ಒಂದ ಮಾರು ದೂರದಾಗ ಕೈ ಚಾಚಿಕೋತ ನಿಂತಿದ್ರು. ಚಾಚಿದ ಕೈ ಮನೀಗೆ ಹೋಗೂತನಕ ಇಳಸಲಿಲ್ಲ.”

ಆಮೇಲೆ ಅವಳು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಬಂದಿದ್ದಳು. ಅಡಿಗೆಮನೆಯ ಮೊಳೆಗೆ ನೇತುಹಾಕಿರುತ್ತಿದ್ದ ನನ್ನ ಕೀಲಿಯಿಂದಲೇ ಬಾಗಿಲು ತೆಗೆದು, ನಾನು ಜಿಲ್ಲಾ ಕಚೇರಿಯಲ್ಲಿರುವ ಹೊತ್ತಿನಲ್ಲಿ, ಬೇಡವಾಗಿ ಬಿದ್ದ ತೊಟ್ಟಿಯಲ್ಲಿ. ಹಾಲಿನವಳು ಕಲಿತಿದ್ದಳು. ಅಂಚೆಯವನ ತಾಯಿ ಕಲಿತಿದ್ದಳು. ರಿಬ್ಬನ್ ಕತ್ತರಿಸಿ ಬೇಸತ್ತ ಶಾಂತವ್ವ ಒಕುಮುರ ಕೂಡ ಕಲಿತು, ಬೆನ್ನ ಮೇಲೆ ತೇಲುತ್ತಾ ನಿದ್ದೆ ಮಾಡುವಷ್ಟು ಪಳಗಿದ್ದರು. ಊರಿನ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಗೊತ್ತಿದ್ದ ಸಂಗತಿ ಒಬ್ಬನೇ ಒಬ್ಬ ಗಂಡಸಿಗೂ ಗೊತ್ತಿರಲಿಲ್ಲ. ಪ್ರತಿ ಮಳೆಗಾಲದಲ್ಲೂ ಆ ಮೆಟ್ಟಿಲ ಮೇಲೆ ಯಾರಾದರೂ ಜಾರುತ್ತಲೇ ಇದ್ದರು. ಪಕ್ಕದವಳು ಧುಮುಕಿ ಎಳೆದು ತರುತ್ತಿದ್ದಳು. ಚನ್ನಕ್ಕನ ನಂತರ ಯಾರೂ ಸತ್ತಿಲ್ಲವೆಂಬ ಕೀರ್ತಿ ಗೌಡರು ಹಾಕಿಸಿದ ಕಬ್ಬಿಣದ ಕಂಬಿಗೆ ಹೋಗಿತ್ತು. ಕಂಬಿ ಇರುವುದು ಬಟ್ಟೆ ಒಗೆಯುವ ಕಡೆಯಲ್ಲ, ರಸ್ತೆಯಿಂದ ಚೆನ್ನಾಗಿ ಕಾಣುವ ಕಡೆ.

“ಕಲ್ಲಿನ ಮ್ಯಾಲೆ ಈಜು ಅಂತ ಕೆತ್ತಿದ್ರ ನಾ ಮತ್ತ ನೀರಿಗೆ ಇಳಿಯೂ ಹಂಗಿಲ್ಲ,” ಎಂದಳು. “ಈಗ ಬರೂವರಿಗೆ ಇನ್ನೂ ಮೊಣಕಾಲ ನೀರಿನ ಅಂಜಿಕಿ ಹೋಗಿಲ್ಲ. ಮಳಿಗಾಲ ಬಾಗಲಕ್ಕ ಬಂದದ.”

“ತೊಟ್ಟಿ ಕಪಾಟಿನ್ಯಾಗ ಹಿಡಿಯೂದಿಲ್ಲಲಾ,” ಎಂದೆ. ತರ್ಕ ಸರಿಯಾಗಿತ್ತು.

“ತೊಟ್ಟಿ ಮ್ಯಾಲೇ ಕಪಾಟ ಕಟ್ಟಸ್ತಾರ. ನಿಮಗ ಗೌಡ್ರು ಗೊತ್ತಿಲ್ಲೇನು?”

ನನ್ನ ಕೀಲಿ, ನನ್ನ ತೊಟ್ಟಿ, ನನ್ನ ಹೆಂಡತಿ, ನನ್ನ ಪಾಚಿ. ಇವುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಬೇರೆ ಏನಾದರೂ ಒಂದು ಸಾಧನೆ ಹೇಳಿ ಕಲ್ಲಿಗೆ ಕೊಟ್ಟುಬಿಟ್ಟರೆ ಕಾವಲು ತಪ್ಪುತ್ತದೆ ಎಂದಷ್ಟೇ ನನಗೆ ತೋಚಿತು. ಅವಳು ಅದನ್ನು ಮೊದಲೇ ಯೋಚಿಸಿ ಮುಗಿಸಿದ್ದಳು.

“ಹೆಂಗೂ ಒಂದು ಕೆಲಸ ಜನ್ಮಕ್ಕ ಬಿಡಬೇಕು. ಯಾವುದು ಬಿಟ್ರ ನನಗ ಸುಖ ಅಂತ ವಿಚಾರ ಮಾಡ್ದೆ. ಸಾರು.”

“ಏನು?”

“ಸಾರು ಮಾಡೂದು. ನನ್ನ ಸಾರಿಗೇ ಹೆಸರು ಬಂದದ ಅಂತ ಹೇಳೂಣು. ಸೌಟು ಕಪಾಟಿಗೆ ಹೋಗ್ತದ. ಮುಂದ ಸಾರು ನೀವು ಮಾಡ್ರಿ.”

“ಆದ್ರ ನಿನ್ನ ಸಾರು...” ಎಂದು ನಾನು ಅರ್ಧಕ್ಕೆ ನಿಲ್ಲಿಸಿದೆ.

“ಹೇಳ್ರಿ, ಹೇಳ್ರಿ.”

ಹೇಳುವುದೇನು? ನಮ್ಮ ತಾಯಿ ಅದನ್ನು ಮೊದಲ ಸಲ ಉಂಡ ದಿನ ಎದ್ದು ಹೋಗಿ ದೇವರ ಮುಂದೆ ಕುಳಿತಿದ್ದರು. ಬೇಳೆ ಒಂದು ಕಡೆ, ನೀರು ಒಂದು ಕಡೆ, ತಳದಲ್ಲಿ ಸೀದದ್ದು, ಮೇಲೆ ಹುಣಸೆಹಣ್ಣು. ಇದನ್ನು ಸಮಿತಿಯವರು ನಂಬುತ್ತಾರೆಯೇ?

“ಅವರು ನಂಬೂದು ಸಾರನ್ನಲ್ಲ,” ಎಂದಳು ಇಂದುಮತಿ. “ಹೆಸರನ್ನ.”

ಗುರುವಾರ ಸಮಿತಿಯನ್ನು ಊಟಕ್ಕೆ ಕರೆದೆವು. ಅವಳು ಎಂದಿನಂತೆಯೇ ಮಾಡಿದಳು. ಹೆಚ್ಚಿನ ಕಾಳಜಿಯೇನೂ ವಹಿಸಲಿಲ್ಲ. ಗೌಡರು ಅನ್ನಕ್ಕೆ ಸಾರು ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಅಗಲವಾದವು. ಕಿವಿಗಳು ಹಿಂದಕ್ಕೆ ಸರಿದಂತೆ ಕಂಡವು. ಅವರು ನುಂಗಿದರು. ವೆಂಕೋಬರಾವ್ ಒಕುಮುರ ಅವರ ತುತ್ತು ಇನ್ನೂ ಕೆನ್ನೆಯಲ್ಲೇ ಇತ್ತು, ಗೌಡರ ಮುಖವನ್ನೇ ನೋಡುತ್ತಿದ್ದರು. ಈಗ ಒಂದು ಪ್ರಾಮಾಣಿಕ ಮಾತು ಹೊರಬಿದ್ದರೆ ತೊಟ್ಟಿಯ ಮೇಲೆ ಗಾಜು ಬೀಳುತ್ತಿತ್ತು.

“ಇದು,” ಎಂದರು ಗೌಡರು. ನೀರು ಕುಡಿದರು. “ಇದು ಬ್ಯಾರೆನ ಐತಿ.”

“ನಾ ಅದನ್ನ ಹೇಳೂವನಿದ್ದೆ,” ವೆಂಕೋಬರಾವ್ ಒಕುಮುರ ಅವಸರದಿಂದ ನುಂಗಿದರು. “ಇದು ನಾಲಗಿ ಮ್ಯಾಲಿನ ರುಚಿ ಅಲ್ರಿ. ಒಳಗಿಂದು. ಆಮ್ಯಾಲೆ ತಿಳೀತದ.”

“ಸೀದದ್ದು ಸೀದಂಗ ಇಲ್ಲ.”

“ಛೆ ಛೆ, ಸೀದದ್ದಲ್ರಿ ಅದು. ಹದ.”

“ಕೆಮಿಸ್ಟ್ರ, ಶಾಸ್ತ್ರ ಏನಂತೈತಿ?” ಗೌಡರು ಕೇಳಿದರು.

ಆಮ್ಲೀಯತೆ ಸಾಮಾನ್ಯ ಸಾರುಗಳಿಗಿಂತ ಬಹಳ ಮೇಲ್ಮಟ್ಟದಲ್ಲಿದೆ ಎಂದೆ. ಅದು ನಿಜವೇ ಆಗಿತ್ತು. ಗೌಡರಿಗೆ ಬೇಸರವಾಯಿತು. “ಇಷ್ಟ ವರ್ಷ ಇಂಥಾ ಸಾರು ಒಬ್ರಽ ಉಂಡ್ರೆಲಾ ಮಾರಾಯರ. ಊರಿಗೆ ಹೇಳಬೇಕೋ ಬ್ಯಾಡೋ?” ನಾನು ತಲೆ ತಗ್ಗಿಸಿ “ಸ್ವಾರ್ಥರಿ” ಎಂದೆ. ಅವರು ಎರಡನೆಯ ಸಲ ಹಾಕಿಸಿಕೊಂಡರು. ಒಕುಮುರರ ಸಾರನ್ನು ಸಾಕು ಎನ್ನುವ ಧೈರ್ಯ ನಮ್ಮ ಊರಿನಲ್ಲಿ ಯಾರಿಗಿದೆ?

ಶುಕ್ರವಾರದ ಹೊತ್ತಿಗೆ ಬಸ್ ನಿಲ್ದಾಣದ ಖಾನಾವಳಿಯಲ್ಲಿ ಸಾರಿನ ತಳ ಸೀಯಿಸತೊಡಗಿದ್ದರು. ಶನಿವಾರ ನಮ್ಮ ಪಕ್ಕದ ಮನೆಯವರು ಬೇಳೆ ಬೇಯದಂತೆ ನೋಡಿಕೊಳ್ಳುವುದು ಹೇಗೆಂದು ಕೇಳಲು ಬಂದರು. ಭಾನುವಾರ ಟೌನ್ ಹಾಲು ತುಂಬಿ ಹೋಗಿತ್ತು. ಕಲ್ಲಿನ ಮೇಲೆ ‘ಸಾರು’ ಎಂದು ಕೆತ್ತಿದ್ದರು. ಬೇರೇನೂ ಇಲ್ಲ. ಸೌಟು ಕಪಾಟಿನೊಳಗೆ ಹೋಯಿತು. ಹಿಂದಿನ ಸಾಲುಗಳಲ್ಲಿ ಕುಳಿತ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣೀರು ಸುರಿಸುತ್ತಿದ್ದರು. ಅವರ ಭಾವುಕತೆಯನ್ನು ಕಂಡು ಗೌಡರೂ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

“ಒಂದಽ ದುಃಖ,” ಎಂದರು ಮೈಕಿನಲ್ಲಿ. “ಬಾಯಾರು ಇನ್ನ ಸಾರು ಮಾಡೂ ಹಂಗಿಲ್ಲ. ಇಂಥಾ ಸಾರು ಇವರ ಜೋಡೀನ ಮುಗದು ಹೋಗಬೇಕೇನು?”

ಆಗ ಮುಂದಿನ ಸಾಲಿನಲ್ಲಿ ಗೌಡರ ಹೆಂಡತಿ ನೀಲಗಂಗವ್ವ ಎದ್ದು ನಿಂತರು. ತಂಗಿ ಹೋದ ಮೇಲೆ ಅವರು ಕೆರೆಯ ದಾರಿಯಲ್ಲಿ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಸಭೆಯಲ್ಲಿ ಮಾತಾಡಿದ್ದನ್ನಂತೂ ಯಾರೂ ಕೇಳಿರಲಿಲ್ಲ. “ಮಾಡೂದು ಬ್ಯಾಡ್ರಿ,” ಎಂದರು. “ಕಲಿಸಲಿ. ಕೈಯಿಂದ ಬ್ಯಾಡ, ಬಾಯಿಂದ ಹೇಳಲಿ. ನಾವು ಕಲೀತೀವಿ.”

ಇಂದುಮತಿ ವೇದಿಕೆಯ ಮೇಲಿಂದ ಅವರನ್ನು ನೋಡಿದಳು. ನೀಲಗಂಗವ್ವ ಒಮ್ಮೆಯೂ ತೊಟ್ಟಿಗೆ ಬಂದಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕರೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ. ಈಜಿನ ಗುಟ್ಟನ್ನು ಅವರಿಗೆ ಯಾರು ಹೇಳಿದರೋ, ಯಾವಾಗ ಹೇಳಿದರೋ ಗೊತ್ತಿಲ್ಲ.

ಸಮಿತಿ ಅಲ್ಲೇ ವೇದಿಕೆಯ ಮೇಲೆ ಸಭೆ ಸೇರಿತು. ಕಲಿಸಬಾರದು ಎಂಬ ನಿಯಮ ಇರಲಿಲ್ಲ, ಏಕೆಂದರೆ ಒಕುಮುರರಿಂದ ಏನನ್ನಾದರೂ ಕಲಿಯಬೇಕು ಎಂದು ನಮ್ಮ ಊರಿಗೆ ಅದುವರೆಗೆ ಹೊಳೆದೇ ಇರಲಿಲ್ಲ. ಒಪ್ಪಿಗೆಯಾಯಿತು. ಜಾಗ ಎಲ್ಲಿ ಎಂಬ ಪ್ರಶ್ನೆ ಬಂದಾಗ ಇಂದುಮತಿ ಮೊದಲ ಬಾರಿಗೆ ಬಾಯಿ ಬಿಟ್ಟಳು. “ಸಾರಿಗೆ ನೀರು ಮುಖ್ಯರಿ. ನೀರಿನ ಹತ್ತರನ ಕಲಿಸಬೇಕಾಗ್ತದ.” ಗೌಡರು ತಡಮಾಡಲಿಲ್ಲ. ನೀರು ಸರಬರಾಜು ಕೇಂದ್ರದ ಮೂರನೇ ತೊಟ್ಟಿಯ ಆವರಣವನ್ನು ಪ್ರತಿದಿನ ಮಧ್ಯಾಹ್ನ ಸಾರಿನ ತರಗತಿಗೆ ಬಿಟ್ಟುಕೊಡಬೇಕು, ಗುಟ್ಟು ಹೊರಗೆ ಹೋಗಬಾರದಾದ್ದರಿಂದ ಗಂಡಸರು ಆ ಕಡೆ ಸುಳಿಯಬಾರದು, ಈ ವ್ಯವಸ್ಥೆಗೆ ಕೆಮಿಸ್ಟರೇ ಜವಾಬ್ದಾರರು ಎಂದು ಮೈಕಿನಲ್ಲೇ ಆಜ್ಞೆ ಹೊರಡಿಸಿದರು. ಅಲ್ಲಿ ಒಲೆ ಇಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಮೊದಲ ತರಗತಿಯ ದಿನ ಸಂಜೆ ಗೌಡರು ನನ್ನನ್ನು ಮನೆಗೆ ಕರೆಸಿದರು. ವ್ಯವಸ್ಥೆ ಹೇಗಿದೆ ಎಂದು ಕೇಳುತ್ತಾ ಕಟ್ಟೆಯ ಮೇಲೆ ಕುಳಿತಿದ್ದಾಗ ನೀಲಗಂಗವ್ವ ಬಂದರು. ಜೊತೆಗೆ ಹಾಲಿನವಳು ಅವರ ಮೊಣಕೈ ಹಿಡಿದುಕೊಂಡು ಬಂದಿದ್ದಳು. ಬಾಗಿಲಲ್ಲಿ ಬಿಟ್ಟು ಹೋದಳು. ನೀಲಗಂಗವ್ವನ ತುರುಬಿನಿಂದ ನೀರು ಇಳಿಯುತ್ತಿತ್ತು. ಕಣ್ಣು ಕೆಂಪಾಗಿದ್ದವು. ತುಟಿ ಇನ್ನೂ ಅದುರುತ್ತಿತ್ತು, ಆದರೆ ನಡಿಗೆಯಲ್ಲಿ ಒಂದು ಹೊಸ ಗತ್ತು ಇತ್ತು.

“ತಲಿ ಯಾಕ ಹಸಿ ಆಗೇತಿ?” ಗೌಡರು ಕೇಳಿದರು.

“ಸಾರಿನ ಹಬೀರಿ.”

“ಕಣ್ಣು?”

“ಖಾರ.”

ಗೌಡರು ತೃಪ್ತಿಯಿಂದ ತಲೆಯಾಡಿಸಿದರು. “ಏನ್ ಹೇಳಿಕೊಟ್ರು ಇವತ್ತ?”

“ಇವತ್ತ ಉಸಿರು ಹಿಡಿಯೂದಷ್ಟ.”

“ಸಾರಿಗೆ ಉಸಿರ್ಯಾಕ?”

ನೀಲಗಂಗವ್ವ ಒಂದು ಕ್ಷಣ ನನ್ನ ಕಡೆ ನೋಡಿದರು. “ಒಗ್ಗರಣಿ ಘಾಟಿಗ್ರಿ.”

ಗೌಡರೂ ನನ್ನ ಕಡೆ ತಿರುಗಿದರು. “ಹೌದೇನ್ರಿ ಕೆಮಿಸ್ಟ್ರ?”

ನಾನು ರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವನು. “ಹೌದ್ರಿ,” ಎಂದೆ. “ಒಗ್ಗರಣಿ ಹೊಗಿಯೊಳಗ ಉಸಿರು ಬಿಟ್ರ ಎಲ್ಲಾ ಕೆಡ್ತದ. ಶಾಸ್ತ್ರೀಯ ಅದ.”

“ನಾಳೆ ಏನಂತ?” ಗೌಡರು ಹೆಂಡತಿಯನ್ನು ಕೇಳಿದರು.

“ನಾಳೆ ಕೈಕಾಲು ಬಡಿಯೂದಂತ್ರಿ,” ಎಂದು ನೀಲಗಂಗವ್ವ ಒಳಗೆ ನಡೆದರು.

ಗೌಡರು ಅವರು ಹೋದ ದಾರಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಗಾಢವಾಗಿ ಯೋಚಿಸಿದರು. ನಾನು ಏಳುವುದೋ ಕೂಡುವುದೋ ತಿಳಿಯದೆ ಕಟ್ಟೆಯ ಅಂಚನ್ನು ಹಿಡಿದುಕೊಂಡಿದ್ದೆ.

“ಬ್ಯಾಳಿ ಭಾಳ ಗಟ್ಟಿ ಇರಬೇಕು ಹಂಗಾರ,” ಎಂದರು ಗೌಡರು.